ಓದಿ, ತಿದ್ದಿ, ಸಹಿ ಮಾಡಿ

ಹಾಸ್ಟೆಲು
ಜುಲೈ 4

ಅಮ್ಮಾ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಹೂಂ, ಊಹೂಂ ಬಿಟ್ಟು ಮೂರನೇ ಮಾತಾಡೋದಿಲ್ಲ. ಬಾಯಲ್ಲಿ ಆಡಿದ್ದನ್ನ ಯಾರು ಬೇಕಾದರೂ ಇಲ್ಲ ಅನ್ನಬಹುದು, ಏನಿದ್ದರೂ ಬರೆದು ಕಳಿಸು ಅಂತ ಕಲಿಸಿದವಳೂ ನೀನೇ. ಅದಕ್ಕೇ ಬರೀತಿದೀನಿ.

ನಮ್ಮ ಕಾಲೇಜಿನಿಂದ ಅಣಕು ಶಾಸನಸಭೆಗೆ ಇಬ್ಬರನ್ನ ಆರಿಸಿದಾರೆ. ಒಬ್ಬಳು ನಾನು. ಇನ್ನೊಬ್ಬಳು ನನ್ನ ರೂಮಿನವಳು, ಮೈಕು. ಅವಳ ಗಂಟಲು ನಿನಗೆ ಗೊತ್ತಲ್ಲ, ಊಟದ ಹಾಲಿನಲ್ಲಿ ಉಪ್ಪು ಕೇಳಿದರೆ ಗೇಟಿನ ವಾಚ್‌ಮನ್ ಎದ್ದು ನಿಲ್ತಾನೆ. ಸೆಪ್ಟೆಂಬರಿನಲ್ಲಿ ಮೂರು ದಿನ, ರಾಜಧಾನಿಯಲ್ಲಿ, ನಿಜವಾದ ಸಭಾಂಗಣದಲ್ಲೇ. ಮಂತ್ರಿ, ವಿರೋಧ ಪಕ್ಷ, ಸಭಾಧ್ಯಕ್ಷ, ವರದಿಗಾರರು ಎಲ್ಲ ನಾವೇ. ನೀನು ಕೆಲಸ ಮಾಡಿದ ಜಾಗ ನೋಡ್ತೀನಿ ಅಂತ ಕುಣಿದುಬಿಟ್ಟೆ.

ಇನ್ನೊಂದು ಸುದ್ದಿಯನ್ನ ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಕೊನೇ ದಿನ ಹಿರಿಯರೊಬ್ಬರು ಬಂದು ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡ್ತಾರಂತೆ. ಸುತ್ತೋಲೆಯಲ್ಲಿ ಹೆಸರು ಹಾಕಿದಾರೆ. ಹಿಂದೆ ಕಾರ್ಮಿಕ ಮಂತ್ರಿ ಆಗಿದ್ದವರು. ಅವರೇ ಅಮ್ಮ.

ನೀನು ಬೇಡ ಅಂದರೆ ನಾನು ಹೋಗೋದಿಲ್ಲ.

ನಿನ್ನ ಪುಟ್ಟಿ


ಜುಲೈ 9

ಪುಟ್ಟೀ,

ಬೇಡ ಅನ್ನೋಕೆ ನನಗೇನು ತಲೆ ಕೆಟ್ಟಿದೆಯಾ? ಹೋಗು. ಹೋಗಿ ಆ ಮಹಾನುಭಾವನ ಎದುರು ನಿಲ್ಲು. ಹದಿನೆಂಟು ವರ್ಷದಿಂದ ಈ ಟೈಪಿಂಗ್ ಅಂಗಡಿಯಲ್ಲಿ ಕೂತು ಊರವರ ಅರ್ಜಿ ಬಡೀತಿದೀನಿ. 'ನ್ಯಾಯ ದೊರಕಿಸಿಕೊಡಬೇಕಾಗಿ ಪ್ರಾರ್ಥನೆ' ಅನ್ನೋ ಸಾಲು ಕಣ್ಣು ಮುಚ್ಚಿದರೂ ಬೆರಳಿಗೆ ಬರುತ್ತೆ. ನನ್ನ ಅರ್ಜಿ ಮಾತ್ರ ಎಲ್ಲ ಬಾಗಿಲಿಂದಲೂ ವಾಪಸ್ ಬಂತು.

ನಿನಗೆ ಇದನ್ನ ತುಂಡುತುಂಡಾಗಿ ಹೇಳಿದೀನಿ. ಇವತ್ತು ಪೂರ್ತಿ ಬರೀತೀನಿ, ಜೋಪಾನವಾಗಿ ಇಟ್ಟುಕೋ. ಬಣ್ಣದ ಗಿರಣಿಯಲ್ಲಿ ಬಾಯ್ಲರ್ ಒಡೆದು ಹನ್ನೊಂದು ಜನ ಸತ್ತರು. ಅವರಲ್ಲಿ ಒಬ್ಬ ನನ್ನ ತಮ್ಮ, ನಿನ್ನ ಸೋದರಮಾವ. ನಿನಗೆ ಆಗ ಒಂದು ವರ್ಷ, ಅವನ ಬೆರಳು ಹಿಡಿದೇ ನೀನು ನಡೆಯೋದು ಕಲಿತದ್ದು. ಅವನು ಹೋದ ಆರನೇ ದಿನ ನಾನು ಕೆಲಸಕ್ಕೆ ಹೋದೆ. ಸಭೆ ನಡೀತಿತ್ತು, ರಜ ಇರಲಿಲ್ಲ.

ಶಾಸನಸಭೆಯಲ್ಲಿ ಶೀಘ್ರಲಿಪಿ ವರದಿಗಾರರ ಮೇಜು ನಟ್ಟನಡುವೆ ಇರುತ್ತೆ. ಒಬ್ಬೊಬ್ಬರದು ಐದು ನಿಮಿಷದ ಸರದಿ. ಮುಂದಿನವಳು ಅರ್ಧ ನಿಮಿಷ ಮುಂಚೆ ಬಂದು ಪಕ್ಕದಲ್ಲಿ ಕೂತು ಬರೆಯೋಕೆ ಶುರು ಮಾಡಬೇಕು. ಆ ಅರ್ಧ ನಿಮಿಷದ ಮಾತು ಇಬ್ಬರ ಪುಸ್ತಕದಲ್ಲೂ ಇರುತ್ತೆ. ಸಂದಿಯಲ್ಲಿ ಒಂದು ಮಾತೂ ಬಿದ್ದು ಹೋಗಬಾರದು ಅಂತ ಈ ಏರ್ಪಾಡು. ಆಮೇಲೆ ಟೈಪು ಮಾಡಿ, ಮಾತಾಡಿದವರಿಗೆ ಕಳಿಸ್ತೀವಿ. ಪ್ರತಿ ಹಾಳೆಯ ಮೇಲೆ ಒಂದು ಮುದ್ರೆ: ಓದಿ, ತಿದ್ದಿ, ಸಹಿ ಮಾಡಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಹಿಂದಿರುಗಿಸಿ. ಗಡುವು ದಾಟಿದರೆ ಹೇಳಿದ್ದು ಹೇಳಿದ ಹಾಗೇ ಉಳಿಯುತ್ತೆ.

ಅವತ್ತು ವಿರೋಧ ಪಕ್ಷದವರು ಕೆಣಕಿದರು. ಆ ಮಂತ್ರಿಗೆ ಸಿಟ್ಟು ನೆತ್ತಿಗೇರಿತು. ಸಭೆ ಪೂರ್ತಿ ಗದ್ದಲ, ದೂರದವರಿಗೆ ಏನೂ ತಿಳೀತಿರಲಿಲ್ಲ. ನಮ್ಮ ಮೇಜು ಅವನಿಂದ ಮೂರು ಮೊಳ. "ಬಾಯ್ಲರ್ ಸೀಳು ಬಿಟ್ಟಿದೆ ಅನ್ನೋ ವರದಿ ಮೂರು ತಿಂಗಳಿಂದ ನನ್ನ ಮೇಜಿನ ಮೇಲೇ ಇತ್ತು, ಏನೀಗ?" ಅಂದ. ನನ್ನ ತಮ್ಮನ ಸಾವಿನ ಕಾರಣವನ್ನ ನಾನೇ ಬರೆದುಕೊಂಡೆ ಪುಟ್ಟಿ. ಮುಂದಿನ ಸರದಿಯವಳು ಅಷ್ಟು ಹೊತ್ತಿಗೆ ಬಂದು ಪಕ್ಕದಲ್ಲಿ ಕೂತಿದ್ದಳು. ಅವಳೂ ಬರೆದಳು, ನಾನೇ ನೋಡಿದೆ.

ಸಂಜೆ ಹಾಳೆಗಳು ಹೋದವು. ಅವನು ಓದದೇ ಸಹಿ ಹಾಕಿ ಕಳಿಸಿದ. ಅವನು ಯಾವತ್ತೂ ಓದಿದವನಲ್ಲ. ಮಾರನೇ ದಿನ ಯಾರೋ ಹೇಳಿದ ಮೇಲೆ ಎಚ್ಚರ ಆಯಿತು. ನಾನು ಹಾಗೆ ಹೇಳೇ ಇಲ್ಲ, ತಮ್ಮನನ್ನ ಕಳಕೊಂಡ ಹೆಂಗಸು, ಬುದ್ಧಿ ಸ್ಥಿಮಿತದಲ್ಲಿಲ್ಲ, ಸೇಡಿಗೆ ತಾನೇ ಸೇರಿಸಿದಾಳೆ ಅಂದ. ಸಹಿ ಹಾಕಿದ ಹಾಳೆ ಮಾಯ. ಪುಸ್ತಕ ಒಪ್ಪಿಸು ಅಂದರು. ಪುಸ್ತಕ ಸಭೆಯ ಸ್ವತ್ತು ಅನ್ನೋದು ನಿಯಮ, ನಿಯಮ ಅಂದರೆ ನನಗೆ ದೇವರು. ಪೆದ್ದಿ ಹಾಗೆ ಒಪ್ಪಿಸಿಬಿಟ್ಟೆ. ಅದೂ ಕಳೆದುಹೋಯಿತಂತೆ. ಪಕ್ಕದವಳನ್ನ ಕರೆದು ಕೇಳಿದರೆ ಆ ಮೌನಗೌರಿ ನೆಲ ನೋಡಿಕೊಂಡು 'ನನಗೆ ಕೇಳಿಸಲಿಲ್ಲ' ಅಂದಳು. ಅವಳ ಪುಸ್ತಕದಲ್ಲಿ ಆ ಹಾಳೆಯೇ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಕೆಲಸ ಹೋದದ್ದು ನನ್ನದು. ಸುಳ್ಳು ಬರೆದವಳು ಅನ್ನೋ ಹೆಸರು ಬಂದದ್ದು ನನಗೆ.

ಕೊನೇ ದಿನ ನೀನು ಎದ್ದು ನಿಂತು, ಆ ವಾಕ್ಯವನ್ನ ಒಂದಕ್ಷರ ಬಿಡದೆ ಅವನ ಮುಖಕ್ಕೆ ಹೇಳು. ಅವನು ಬೆವರಬೇಕು. ಮಕ್ಕಳ ಮುಂದೆ ಬೆವರಬೇಕು. ಅಲ್ಲಿಗೆ ನನ್ನ ಹೊಟ್ಟೆ ತಣ್ಣಗಾಗುತ್ತೆ.

ಅಮ್ಮ


ಹಾಸ್ಟೆಲು
ಜುಲೈ 28

ಅಮ್ಮಾ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಮಾವನ ಬೆರಳಿನ ವಿಷಯ ನೀನು ಮುಂಚೆ ಹೇಳಿರಲಿಲ್ಲ.

ಮೊನ್ನೆ ನಮಗೆ ತರಬೇತಿ ಇತ್ತು. ಚೀಟಿ ಎತ್ತಿಸಿದರು. ನನಗೆ ಬಂದದ್ದು ವಿರೋಧ ಪಕ್ಷದ ನಾಯಕಿ! ಮೈಕುಗೆ ವರದಿಗಾರರ ಮೇಜು. ಅವಳು ಅಳೋದೊಂದು ಬಾಕಿ. ಈ ಗಂಟಲು ಇಟ್ಟುಕೊಂಡು ಮೂರು ದಿನ ಬಾಯಿ ಮುಚ್ಚಿ ಕೂರೋದಾ ಅಂತ ಅವಳ ಗೋಳು.

ತರಬೇತಿ ಕೊಡೋಕೆ ಶಾಸನಸಭೆಯ ಮುಖ್ಯ ವರದಿಗಾರ್ತಿ ಬಂದಿದ್ದರು. ತಲೆ ಪೂರ್ತಿ ನೆರೆತಿದೆ, ಮೆಲುದನಿ. ಅವರು ಮಾತಾಡ್ತಿದ್ದಾಗ ನಾನು ಅಭ್ಯಾಸಬಲದಿಂದ ಶೀಘ್ರಲಿಪಿಯಲ್ಲೇ ಗೀಚಿಕೊಳ್ತಿದ್ದೆ, ನೀನು ಕಲಿಸಿದ ಹಾಗೆ, ಗೆರೆಯ ಕೊನೆಗೆ ಸಣ್ಣ ಕೊಕ್ಕೆ ಹಾಕಿ. ಅವರು ಹಿಂದೆ ಬಂದು ನಿಂತು ನೋಡಿದರು. ಈ ಕೊಕ್ಕೆ ಯಾರು ಹೇಳಿಕೊಟ್ಟರು ಅಂತ ಕೇಳಿದರು. ನಮ್ಮಮ್ಮ ಅಂದೆ. ಆಮೇಲೆ ಅವರು ಚಹಾ ಮುಟ್ಟಲಿಲ್ಲ. ಇವರೇ ನಿನ್ನ ಮೌನಗೌರಿ ಅಲ್ಲವಾ?

ಒಂದು ಅನುಮಾನ ಅಮ್ಮ, ಸಿಟ್ಟು ಮಾಡ್ಕೋಬೇಡ. ನಾನು ಎದ್ದು ನಿಂತು ಆ ವಾಕ್ಯ ಹೇಳಿದರೆ, ಸಭಾಧ್ಯಕ್ಷರ ಕುರ್ಚಿಯಲ್ಲಿ ಕೂತ ಹುಡುಗ 'ಕಡತದಿಂದ ತೆಗೀರಿ' ಅಂತಾನೆ. ಅಷ್ಟೇ, ನಾನು ಹೇಳೇ ಇಲ್ಲ ಅಂತ ಆಗುತ್ತೆ. ಹೊರಗೆ ಬಂದು ಆ ಮಂತ್ರಿಗಳು ಏನಂತಾರೆ? ತಾಯಿಯಂತೆ ಮಗಳು, ಇಬ್ಬರಿಗೂ ಅದೇ ಹುಚ್ಚು ಅಂತಾರೆ.

ಪುಟ್ಟಿ


ಆಗಸ್ಟ್ 3

ಪುಟ್ಟೀ,

ವಿರೋಧ ಪಕ್ಷದ ನಾಯಕಿ! ನೋಡಿದೆಯಾ, ಉಪ್ಪು ತಿಂದವನು ನೀರು ಕುಡಿಯಲೇಬೇಕು. ನಿನ್ನ ಚೀಟಿಯ ಸುದ್ದಿ ಓದಿ ಪಕ್ಕದ ಜೆರಾಕ್ಸ್ ಅಂಗಡಿಯವನನ್ನ ನೋಡಿ ನಕ್ಕುಬಿಟ್ಟೆ. ಎರಡು ವರ್ಷದಿಂದ ಅವನ ಜೊತೆ ಬೋರ್ಡಿನ ಜಗಳ. ಪಾಪ, ಅವನು ಹೆದರಿ ತನ್ನ ಬೋರ್ಡನ್ನ ಒಂದು ಗೇಣು ಹಿಂದಕ್ಕೆ ಎಳಕೊಂಡ.

ಅನುಮಾನ ಎಲ್ಲ ಬಿಡು. ಕಡತದಿಂದ ತೆಗೆದರೆ ತೆಗೀಲಿ, ಕಿವಿಯಿಂದ ತೆಗೆಯೋಕೆ ಆಗುತ್ತಾ? ಭಾಷಣ ಟೈಪು ಮಾಡಿ ಜೊತೆಗಿಟ್ಟಿದೀನಿ. ಹತ್ತು ಸಲ ತಿದ್ದಿದ್ದು ಅದು. ಎರಡನೇ ಪ್ಯಾರಾ ಆದ ಮೇಲೆ ಉಸಿರು ತಗೊಂಡು, ಅವನ ಕಣ್ಣನ್ನೇ ನೋಡಿ ವಾಕ್ಯ ಹೇಳು. ಕನ್ನಡಿ ಮುಂದೆ ಅಭ್ಯಾಸ ಮಾಡು. ಮೈಕು ಹತ್ತಿರ ಗಂಟಲು ಎತ್ತೋದು ಕಲಿ.

ಆ ಮೌನಗೌರಿ ವಿಷಯ ನನಗೆ ಬರೀಬೇಡ. ತಲೆ ನೆರೆತರೆ ಮಾಡಿದ್ದು ಬೆಳ್ಳಗಾಗೋದಿಲ್ಲ.

ಅಮ್ಮ


ಹಾಸ್ಟೆಲು
ಆಗಸ್ಟ್ 20

ಅಮ್ಮಾ,

ಚೀಟಿ ಬದಲಾಯಿಸಿಕೊಂಡೆ. ಮೈಕು ವಿರೋಧ ಪಕ್ಷದ ನಾಯಕಿ. ನಾನು ವರದಿಗಾರರ ಮೇಜಿಗೆ. ಯಾಕೆ ಅಂತ ಈಗ ಕೇಳಬೇಡ.

ನೀನು ಚೂರಿಯಿಂದ ಕೆತ್ತುತ್ತೀಯಲ್ಲ, ಉದ್ದ ಮೊನೆಯ ಪೆನ್ಸಿಲು, ಅಂಥವು ನಾಲ್ಕು ಕಳಿಸು.

ಪುಟ್ಟಿ


ಆಗಸ್ಟ್ 24

ಪೆನ್ಸಿಲಂತೆ ಪೆನ್ಸಿಲು! ನಿನಗೆ ನಾಲಿಗೆ ಸಿಕ್ಕಿತ್ತು, ಅದನ್ನ ಕೊಟ್ಟು ಕಿವಿ ತಗೊಂಡು ಬಂದಿದೀಯ. ನನ್ನನ್ನ ಒದ್ದು ಓಡಿಸಿದ ಕುರ್ಚಿಯಲ್ಲೇ ನನ್ನ ಮಗಳು ಹೋಗಿ ಬಾಯಿ ಮುಚ್ಚಿ ಕೂರ್ತಾಳಂತೆ. ಅವನು ಮಾತಾಡೋದು, ಇವಳು ತಲೆ ತಗ್ಗಿಸಿ ಬರಕೊಳ್ಳೋದು. ಹೆದರಿಕೆ ಆಯಿತು ಅಂತ ನೇರವಾಗಿ ಹೇಳಿದ್ದರೆ ನನಗೆ ಇಷ್ಟು ಉರೀತಿರಲಿಲ್ಲ. ನಿನ್ನಿಂದ ಆಗೋದಿಲ್ಲ ಅಂದಿದ್ದರೆ ನಾನೇ ಹೋಗಿ ಗೇಟಿನಲ್ಲಿ ನಿಂತು ಕೂಗ್ತಿದ್ದೆ.

ನನಗೆ ಕಾಗದ ಬರೀಬೇಡ. ಮೌನಗೌರಿ ಒಬ್ಬಳು ಸಾಲದು ಅಂತ ಇನ್ನೊಬ್ಬಳನ್ನ ನಾನೇ ಹೆತ್ತೆ.

ಆಗಸ್ಟ್ 25. ಪೆನ್ಸಿಲು ಕಳಿಸಿದೀನಿ. ಮೊನೆ ಮುರಿದರೆ ಅಲ್ಲಿ ಕೆತ್ತೋಕೆ ಹೊತ್ತಿರಲ್ಲ, ಅದಕ್ಕೆ ಆರು ಇಟ್ಟಿದೀನಿ.


ವಾಪಸ್ ಬರುವ ರೈಲು
ಸೆಪ್ಟೆಂಬರ್ 15, ಮಧ್ಯಾಹ್ನ

ಅಮ್ಮಾ,

ಬರೀಬೇಡ ಅಂದಿದ್ದೆ, ಬರೀತಿದೀನಿ. ರೈಲು ಅಲ್ಲಾಡ್ತಿದೆ, ಅಕ್ಷರ ಸೊಟ್ಟ ಬಂದರೆ ಬೈಬೇಡ. ಮುಂಚೆ ಹೇಳದೆ ಇದ್ದದ್ದಕ್ಕೂ ಬೈಬೇಡ. ಹೇಳಿದ್ದರೆ ನೀನು ರಾಜಧಾನಿಗೇ ಬಂದು ಕೂತುಬಿಡ್ತಿದ್ದೆ.

ಆ ಮಾತು ನನ್ನ ಬಾಯಿಂದ ಬಂದರೆ ಏನೂ ಬೆಲೆ ಇಲ್ಲ ಅಮ್ಮ. ಅವನ ಬಾಯಿಂದಲೇ ಬರಬೇಕು, ನಮ್ಮ ಪುಸ್ತಕಕ್ಕೆ ಬೀಳಬೇಕು, ಅವನೇ ಸಹಿ ಹಾಕಬೇಕು. ಬೈದರೆ ಬಾಯಿ ಮುಚ್ಚಿಕೊಳ್ಳೋ ಜನ ಹೊಗಳಿದರೆ ಬಿಚ್ಚುತ್ತಾರೆ. ಅದಕ್ಕೆ ಮೈಕು ಕೈಯಲ್ಲಿ ಹೊಗಳಿಸಿದೆ. ಒಂದು ತಿಂಗಳು ಹಾಸ್ಟೆಲಿನ ತಾರಸಿ ಮೇಲೆ ಅವಳಿಗೆ ಮೆಲ್ಲಗೆ ಮಾತಾಡೋದು ಕಲಿಸಿದ್ದೇ ದೊಡ್ಡ ಪಾಡು.

ನಿನ್ನ ಮೇಜು ಹಾಗೇ ಇದೆ. ಎಡಗಾಲು ಅಲ್ಲಾಡುತ್ತೆ, ಕೆಳಗೆ ಮಡಚಿದ ಕಾಗದ ಇಟ್ಟಿದಾರೆ. ಅಲ್ಲಿ ಕೂತು ನಿನ್ನ ಆರೂ ಪೆನ್ಸಿಲನ್ನ ಸಾಲಾಗಿ ಇಟ್ಟುಕೊಂಡೆ. ಅವನು ನಿನ್ನೆ ಮೂರು ಗಂಟೆಗೆ ಬಂದ. ಇನ್ನು ಅವನನ್ನ ಅವರು ಅಂತ ಬರೆಯೋಕೆ ನನಗೆ ಕೈ ಬರಲ್ಲ. ಬಿಳಿ ಬಟ್ಟೆ, ಊರುಗೋಲು, ಎಲ್ಲರಿಗೂ ಮಗು ಮಗು ಅಂತಾನೆ. ಮೊದಲ ಎರಡು ಪ್ರಶ್ನೆಗೆ ಸಣ್ಣ ಸಣ್ಣ ಉತ್ತರ ಕೊಟ್ಟ. ನನ್ನ ಸರದಿಯ ಎರಡನೇ ನಿಮಿಷಕ್ಕೆ ಮೈಕು ಎದ್ದು, ಕೈ ಮುಗಿದು, ಈ ಸಭೆಯಲ್ಲಿ ನಿಮ್ಮಷ್ಟು ಸಮಯಪ್ರಜ್ಞೆ ಇದ್ದವರು ಇನ್ನೊಬ್ಬರಿಲ್ಲ ಅಂತಾರೆ, ದೊಡ್ಡ ಇಕ್ಕಟ್ಟಿನಿಂದ ಪಾರಾದ ಒಂದು ಪ್ರಸಂಗ ನಮಗೆ ಪಾಠವಾಗಿ ಹೇಳಿ ಅಂತ ಕೇಳಿದಳು.

ಅವನ ಮುಖ ಅರಳಿತು. ಗಿರಣಿ ಅನ್ನೋ ಮಾತು ಅವನ ಬಾಯಿಂದ ಬಂದ ಕೂಡಲೇ ಹಿಂದಿನ ಕುರ್ಚಿಯಿಂದ ಯಾರೋ ಎದ್ದು ಬಂದು ನನ್ನ ಪಕ್ಕ ಕೂತರು. ಮುಖ್ಯ ವರದಿಗಾರ್ತಿ. ನಮ್ಮಲ್ಲಿ ಒಬ್ಬಳಿಗೆ ಜ್ವರ ಅಂತ ನನ್ನ ನಂತರದ ಸರದಿಯನ್ನ ಅವರೇ ತಗೊಂಡಿದ್ದರು. ಅವರ ಸರದಿಗೆ ಇನ್ನೂ ಎರಡು ನಿಮಿಷ ಇತ್ತು. ನನ್ನ ಕಡೆ ನೋಡಲಿಲ್ಲ. ಪುಸ್ತಕ ತೆಗೆದರು, ಬರೆಯೋಕೆ ಶುರು ಮಾಡಿದರು.

ಅವನು ಹೇಳಿದ್ದನ್ನ ಹಾಗೇ ಇಳಿಸ್ತೀನಿ. "ಸಿಟ್ಟಿನಲ್ಲಿ ನಾನು, ಬಾಯ್ಲರ್ ಸೀಳು ಬಿಟ್ಟಿದೆ ಅನ್ನೋ ವರದಿ ಮೂರು ತಿಂಗಳಿಂದ ನನ್ನ ಮೇಜಿನ ಮೇಲೇ ಇತ್ತು ಅಂದುಬಿಟ್ಟೆ. ಬೇರೆಯವನಾಗಿದ್ದರೆ ಅವತ್ತೇ ರಾಜೀನಾಮೆ. ನಾನೇನು ಮಾಡಿದೆ? ವರದಿಗಾರ್ತಿ ತಾನೇ ಸೇರಿಸಿದಾಳೆ ಅಂದೆ. ಪಾಪ, ಅವಳ ತಮ್ಮ ಅದೇ ಗಿರಣಿಯಲ್ಲಿ ಸತ್ತಿದ್ದ. ಜನ ಬೇಗ ನಂಬಿದರು. ಮಕ್ಕಳೇ, ಮಾತು ಜಾರಿದರೆ ಎತ್ತಿಕೊಳ್ಳೋಕೆ ಪಕ್ಕದಲ್ಲಿ ಒಬ್ಬರು ಇರಬೇಕು."

ಅಲ್ಲಲ್ಲಿ ನಕ್ಕರು ಅಮ್ಮ. ಸಭೆ ನಕ್ಕರೆ ಅದನ್ನೂ ಬರೀಬೇಕು ಅಂತ ನೀನು ಹೇಳಿದ್ದೆ. ಕಂಸ ಹಾಕಿ 'ನಗು' ಅಂತ ಬರೆದೆ. ನನ್ನ ಮೊನೆ ಅಲ್ಲೇ ಮುರೀತು. ಎರಡನೇ ಪೆನ್ಸಿಲು ತಗೊಂಡೆ.

ಒಂದು ಗಂಟೆಯೊಳಗೆ ಟೈಪಾಯಿತು. ಮುದ್ರೆ ಹೊಡೆದರು. ಹಾಳೆ ತಗೊಂಡು ಹೋದವಳು ನಾನೇ. ಅವನು ಮಕ್ಕಳ ನಡುವೆ ಫೋಟೋಗೆ ನಿಂತಿದ್ದ. ಸರ್, ಓದಿ ನೋಡಿ, ತಿದ್ದೋದಿದ್ದರೆ ತಿದ್ದಿ ಅಂದೆ. ಪೆನ್ನು ತೆಗೆದ. ನಾಳೆ ಇದೇ ಹೊತ್ತಿನವರೆಗೂ ಸಮಯ ಇದೆ ಸರ್, ನಿಧಾನವಾಗಿ ಓದಿ ಅಂದೆ. ಸಹಿ ಹಾಕ್ತಾನೇ ಇದ್ದ. ಮೂರನೇ ಸಲವೂ ಹೇಳಿದೆ, ನಾಳೆ ಯಾರೂ ನನ್ನ ಕಡೆ ಬೊಟ್ಟು ಮಾಡಬಾರದು ಅಂತ.

"ನೀನು ಬರೆದದ್ದು ತಪ್ಪಾಗುತ್ತಾ ಮಗು? ಪೆನ್ಸಿಲು ಓಡೋದನ್ನ ನಾನೇ ನೋಡಿದೆ. ಯಾರು ಕಲಿಸಿದ್ದು?"

"ನಮ್ಮಮ್ಮ."

"ಭಾಗ್ಯವಂತೆ. ಅವರಿಗೆ ನನ್ನ ನಮಸ್ಕಾರ ಹೇಳು."

ತಲುಪಿಸಿದೀನಿ ಅಮ್ಮ. ತಗೋ.

ಹಾಳೆಯ ಮೇಲೆ ಮುಖ್ಯ ವರದಿಗಾರ್ತಿ ಹೊತ್ತು ಬರೆದರು, ನಾಲ್ಕು ಗಂಟೆ ಹತ್ತು ನಿಮಿಷ. ನಿನ್ನ ಪುಸ್ತಕ ಒಪ್ಪಿಸೋ ಮುಂಚೆ ಪ್ರತಿ ಪುಟದ ನಕಲು ತೆಗೆಸಿಕೊಂಡು ಹೋಗು, ನಾನು ಕಾಯ್ತೀನಿ ಅಂತ ಅವರೇ ಅಂದರು. ಅಷ್ಟೇ ಅವರು ನನ್ನ ಜೊತೆ ಆಡಿದ ಮಾತು.

ಈಗ ನಾಲ್ಕು ಹನ್ನೊಂದು. ಮೈಕು ಫೋನಿಗೆ ಅವರಿಂದ ಸುದ್ದಿ ಬಂತು. ತಿದ್ದುಪಡಿ ಬಂದಿಲ್ಲ, ಅಚ್ಚಿಗೆ ಹೋಯಿತು. ಮೈಕು ಕೂಗಿದ ಕೂಗಿಗೆ ಟಿಕೆಟ್ ನೋಡೋರು ಓಡಿ ಬಂದರು.

ನಿನ್ನ ಪುಟ್ಟಿ


ಸೆಪ್ಟೆಂಬರ್ 19

ಪುಟ್ಟೀ,

ನಿನ್ನ ಕಾಗದ ಬಂದ ದಿನ ಅಂಗಡಿ ಬಾಗಿಲು ತೆಗೀಲಿಲ್ಲ. ನಿನ್ನ ಮಾವನ ಫೋಟೋ ಮುಂದೆ ಕೂತು, ಅವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನಗು ಅನ್ನೋದನ್ನೂ ಬಿಡಲಿಲ್ಲ.

ನೀನು ಕಳಿಸಿದ ನಕಲು ನೋಡಿದೆ. ಮೂರನೇ ಪುಟದ ಕೊಕ್ಕೆ ಸ್ವಲ್ಪ ದೊಡ್ಡದಾಗಿದೆ. ಬೇರೆ ತಪ್ಪಿಲ್ಲ. ನಿನಗೆ ಆ ಸಿಟ್ಟಿನ ಕಾಗದದಲ್ಲಿ ಬರೆದದ್ದನ್ನ ವಾಪಸ್ ತಗೋಳೋಕೆ ನನ್ನ ಗಡುವೂ ದಾಟಿದೆ. ಆದರೂ ತಗೋತೀನಿ.

ಅವಳು ನನ್ನ ವಿಳಾಸ ಕೇಳಿದರೆ ಕೊಡಬೇಡ. ಹದಿನೆಂಟು ವರ್ಷಕ್ಕೆ ಎರಡು ನಿಮಿಷ ಮುಂಚೆ ಬಂದು ಕೂತಳು, ಸರಿ. ಅದನ್ನ ನಾನು ಬರೆದಿಟ್ಟುಕೊಂಡಿದೀನಿ. ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿ ಆಗಲ್ಲ.

ಅವನಿಗೆ ಇನ್ನೂ ಗೊತ್ತಿಲ್ಲ. ಪುಸ್ತಕ ಅಚ್ಚಾಗಿ ಬರಲಿ. ಕಾಯೋದು ನನಗೆ ರೂಢಿ ಇದೆ.

ಅಮ್ಮ


ಅಕ್ಟೋಬರ್ 30

ಸಹೋದರಿಯವರಿಗೆ ವಂದನೆಗಳು.

ಅಣಕು ಅಧಿವೇಶನದ ಕಲಾಪದ ಪುಸ್ತಕ ಎಲ್ಲ ಕಾಲೇಜುಗಳಿಗೂ, ಶಾಸನಸಭೆಯ ಗ್ರಂಥಾಲಯಕ್ಕೂ ತಲುಪಿದೆ ಎಂದು ತಿಳಿಯಿತು. ಅದರಲ್ಲಿ ನನ್ನ ಹೆಸರಿನಲ್ಲಿ ಅಚ್ಚಾಗಿರುವ ಕೆಲವು ಮಾತುಗಳಿಂದ ಈ ವಯಸ್ಸಿನಲ್ಲಿ ನನಗೆ ತುಂಬ ಮುಜುಗರವಾಗಿದೆ. ಪತ್ರಿಕೆಯವರು ಮನೆಯ ಮುಂದೆ ನಿಂತಿದ್ದಾರೆ. ನನ್ನ ಮೊಮ್ಮಗಳು ಓದುವ ಕಾಲೇಜಿಗೂ ಆ ಪುಸ್ತಕ ಹೋಗಿದೆ. ಅವಳು ನಾಲ್ಕು ದಿನದಿಂದ ನನ್ನೊಡನೆ ಮಾತಾಡುತ್ತಿಲ್ಲ.

ನಾವಿಬ್ಬರೂ ಆ ಕಾಲ ಕಂಡವರು. ವರದಿ ನನ್ನ ಮೇಜಿನ ಮೇಲಿದ್ದದ್ದು ನಿಜ, ಆದರೆ ನೂರಾರು ಕಡತಗಳ ನಡುವೆ ಅದೂ ಒಂದು. ನಿಮ್ಮ ವಿಷಯದಲ್ಲಿ ಆಗ ಬೇರೆ ದಾರಿ ಇರಲಿಲ್ಲ. ಮಕ್ಕಳೆದುರು ತಮಾಷೆಗೆ ಆಡಿದ್ದನ್ನು ಇಷ್ಟು ದೊಡ್ಡದು ಮಾಡಬೇಕೆ?

ಆ ಹಾಳೆ ಬರೆದ ಹುಡುಗಿ ನಿಮ್ಮ ಮಗಳೆಂಬುದನ್ನೂ ನಿಮ್ಮ ವಿಳಾಸವನ್ನೂ ಅವಳ ಕಾಲೇಜಿನಿಂದ ತಿಳಿದುಕೊಂಡೆ. ತಾವು ಒಂದು ಉಪಕಾರ ಮಾಡಬೇಕು. ನಿಮ್ಮ ಮಗಳು ಮನೆಯಲ್ಲಿ ಕೇಳಿದ ಹಳೆಯ ಕಥೆಗಳ ಪ್ರಭಾವದಿಂದ ಆ ಮಾತುಗಳನ್ನು ತಾನೇ ಸೇರಿಸಿರಬಹುದು ಎಂದು ಎರಡು ಸಾಲು ಬರೆದುಕೊಟ್ಟರೆ ಸಾಕು. ನಿಮ್ಮ ಹಳೆಯ ಹುದ್ದೆಯ ಗೌರವ ನಿಮಗೆ ಮರಳಿ ಸಿಗುವಂತೆ ನಾನು ನೋಡಿಕೊಳ್ಳುತ್ತೇನೆ. ಮಗಳಿಗೆ ಒಳ್ಳೆಯ ಭವಿಷ್ಯವಿದೆ. ಅದಕ್ಕೆ ಧಕ್ಕೆಯಾಗುವುದು ನಮ್ಮಿಬ್ಬರಿಗೂ ಬೇಡ.

ನಿಮ್ಮ ಹಿತೈಷಿ


ನವೆಂಬರ್ 3

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ನಿಮ್ಮ ನಮಸ್ಕಾರವನ್ನು ಮಗಳು ಸೆಪ್ಟೆಂಬರಿನಲ್ಲೇ ತಲುಪಿಸಿದ್ದಳು.

ನೀವು ಹೇಳಿದ ಮಾತುಗಳು ಎರಡು ಶೀಘ್ರಲಿಪಿ ಪುಸ್ತಕಗಳಲ್ಲಿವೆ, ಎರಡೂ ಒಂದೇ ಆಗಿವೆ. ಟೈಪಾದ ಪ್ರತಿ ಹಾಳೆಯ ಮೇಲೂ ನಿಮ್ಮ ಸಹಿ ಇದೆ. ತಿದ್ದಲು ನಿಮಗೆ ಮಾರನೇ ದಿನ ನಾಲ್ಕು ಗಂಟೆ ಹತ್ತು ನಿಮಿಷದವರೆಗೆ ಅವಕಾಶವಿತ್ತು. ಓದಿ ಎಂದು ನನ್ನ ಮಗಳು ಮೂರು ಸಲ ಹೇಳಿದಳು. ಗಡುವು ದಾಟಿದೆ. ಎರಡು ಸಾಲು ಬರೆದುಕೊಡಲು ನನ್ನಿಂದಾಗದು. ಆಡದ ಮಾತನ್ನು ಸೇರಿಸಿ ಬರೆಯುವ ಅಭ್ಯಾಸ ನನಗೆ ಅಂದೂ ಇರಲಿಲ್ಲ.

ನಿಮ್ಮ ಪತ್ರದ ಎರಡನೇ ಪ್ಯಾರಾದಲ್ಲಿ, ವರದಿ ಮೇಜಿನ ಮೇಲಿದ್ದದ್ದು ನಿಜ ಎಂದು ನಿಮ್ಮ ಕೈಯಾರೆ ಬರೆದಿದ್ದೀರಿ. ಗದ್ದಲವಿಲ್ಲದ ಜಾಗದಲ್ಲಿ ಕೂತು, ಯೋಚಿಸಿ ಬರೆದದ್ದು. ಇದಕ್ಕೆ ಶೀಘ್ರಲಿಪಿಯ ಅಗತ್ಯವೂ ಬೀಳಲಿಲ್ಲ. ಪಕ್ಕದ ಅಂಗಡಿಯಲ್ಲಿ ಇದರ ಹನ್ನೊಂದು ಜೆರಾಕ್ಸ್ ತೆಗೆಸಿದ್ದೇನೆ. ಹತ್ತು ಪ್ರತಿಗಳು ಈ ಬೆಳಗ್ಗೆ ಗಿರಣಿಯಲ್ಲಿ ಸತ್ತವರ ಹತ್ತು ಮನೆಗಳಿಗೆ ಅಂಚೆಯಲ್ಲಿ ಹೋದವು. ಅವರ ವಿಳಾಸ ನನ್ನ ಬಳಿ ಹದಿನೆಂಟು ವರ್ಷಗಳಿಂದ ಇತ್ತು. ಹನ್ನೊಂದನೆಯದು ನನ್ನ ತಮ್ಮನ ಮನೆಯದು, ಅಂದರೆ ನನ್ನದು. ಮೂಲ ಪತ್ರವನ್ನು ಈ ಸಲ ಯಾರಿಗೂ ಒಪ್ಪಿಸುವುದಿಲ್ಲ.

ನಿಯಮದಂತೆ ನಿಮ್ಮ ಪತ್ರವನ್ನು ಟೈಪು ಮಾಡಿ ಒಂದು ಪ್ರತಿ ಲಗತ್ತಿಸಿದ್ದೇನೆ. ಓದಿ, ತಿದ್ದಿ, ಸಹಿ ಮಾಡಿ, ಇಪ್ಪತ್ತನಾಲ್ಕು ಗಂಟೆಯೊಳಗೆ ಹಿಂದಿರುಗಿಸಿ.

ಈ ಸಲವಾದರೂ ಓದಿ.

ವರದಿಗಾರ್ತಿ